ಟೆಕ್ಸಾಸ್ ಚಿಲ್ಲಿ, ಕೋಲಾರದ ಟೊಮೆಟೊ

ಪ್ರಶ್ನೆ: ಅಕ್ಕ, ಟೆಕ್ಸಾಸ್‌ನಲ್ಲಿರುವ ಮಗ ರಜಕ್ಕೆ ಬರುತ್ತಿದ್ದಾನೆ. ಅಲ್ಲಿಯ ‘ಚಿಲ್ಲಿ’ ಮನೆಯಲ್ಲೇ ಮಾಡಮ್ಮ ಅನ್ನುತ್ತಾನೆ. ನಾವು ಮಾಂಸ ತಿನ್ನುವುದಿಲ್ಲ. ಹೇಗೆ ಮಾಡಲಿ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ಟೆಕ್ಸಾಸ್‌ನವರು 1977ರಲ್ಲಿ ಇದನ್ನು ತಮ್ಮ ರಾಜ್ಯದ ಖಾದ್ಯ ಅಂತಲೇ ಘೋಷಿಸಿಕೊಂಡಿದ್ದಾರೆ. ಚಿಲ್ಲಿ ಅಂದರೆ ಬರೀ ಮೆಣಸಿನಕಾಯಿಯಲ್ಲ, ದನದ ಮಾಂಸ, ಒಣಮೆಣಸಿನಕಾಯಿ, ಜೀರಿಗೆ ಹಾಕಿ ಬೇಯಿಸಿದ ಅವರ ಗಟ್ಟಿ ಸಾರು. ಕಾಳು ಹಾಕಿದರೆ ಮೂಗು ಮುರಿಯುತ್ತಾರೆ. ಮುರಿಯಲಿ ಬಿಡಿ, ನೀವು ರಾಜ್ಮಾ ಹಾಕಿ.

ಒಂದು ಲೋಟ ರಾಜ್ಮಾ ರಾತ್ರಿಯೇ ನೆನೆಸಿ. ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರ್‌ನಲ್ಲಿ ಮೆತ್ತಗೆ ಬೇಯಿಸಿ. ಅರೆಬೆಂದ ರಾಜ್ಮಾ ತಿಂದರೆ ವಾಂತಿ, ಭೇದಿ ಶುರುವಾಗಬಹುದು. ಇಲ್ಲಿ ಅವಸರ ಬೇಡ.

ಇನ್ನು ಖಾರ. ಅಂಗಡಿ ಪುಡಿ ಸುಮ್ನೆ ದಂಡ. ಆರು ಬ್ಯಾಡಗಿ, ಎರಡು ಗುಂಟೂರು ಮೆಣಸಿನಕಾಯಿಯನ್ನು ಬಾಣಲೆಯಲ್ಲಿ ಘಮ ಬರುವಷ್ಟು ಮಾತ್ರ ಬೆಚ್ಚಗೆ ಮಾಡಿ. ಕಪ್ಪಾದರೆ ಕಹಿ. ಬೀಜ ಉದುರಿಸಿ, ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ. ಬಣ್ಣ ಬ್ಯಾಡಗಿಯದು, ಚುರುಕು ಗುಂಟೂರಿನದು.

ಈರುಳ್ಳಿ, ಬೆಳ್ಳುಳ್ಳಿ ಬಾಡಿಸಿ. ರುಬ್ಬಿದ್ದನ್ನು ಹಾಕಿ ಎಣ್ಣೆ ಬಿಡುವವರೆಗೂ ಹುರಿಯಿರಿ. ಜೀರಿಗೆ ಪುಡಿ ಎರಡು ಚಮಚ, ಕೈ ಹಿಡಿಯಬೇಡಿ. ಟೊಮೆಟೊಗೆ ನಿಮಗೇನು ಬರ, ಕೋಲಾರದ ಮಂಡಿ ಹತ್ತಿರದಲ್ಲೇ ಇದೆ ಅಲ್ವಾ! ನಾಲ್ಕು ಹೆಚ್ಚಿ ಹಾಕಿ. ಉಪ್ಪು, ರಾಜ್ಮಾ ಸೇರಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಗೊಜ್ಜಿನ ಹದಕ್ಕೆ ಬರಬೇಕು. ಗರಂ ಮಸಾಲೆ ಮಾತ್ರ ಮುಟ್ಟಬೇಡಿ, ಹಾಕಿದರೆ ಅದು ಬರೀ ರಾಜ್ಮಾ ಪಲ್ಯ. ನಮ್ಮ ಮನೆಯವರು ಇದಕ್ಕೂ ಮುದ್ದೆ ಕೇಳಿದರು. ಚೆನ್ನಾಗಿಯೇ ಹೊಂದುತ್ತದೆ.