ಪಿಕಲ್‌ಬಾಲ್: ನೆಟ್ ಹತ್ತಿರ ಚೆಂಡು ಏಳುವುದೇಕೆ, ಎಲ್ಲಿ ನಿಲ್ಲಬೇಕು?

ನೀವು ಬರೆದದ್ದರ ಸಾರ ಇಷ್ಟು: ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಶಟಲ್ ಕೋರ್ಟಿನಲ್ಲಿ ನೆಟ್ ಇಳಿಸಿ ಪಿಕಲ್‌ಬಾಲ್, ಅಂದರೆ ಪ್ಯಾಡಲ್ ಎಂಬ ಹಲಗೆಯಂಥ ಬ್ಯಾಟಿನಿಂದ ತೂತಿರುವ ಪ್ಲಾಸ್ಟಿಕ್ ಚೆಂಡನ್ನು ಹೊಡೆಯುವ ಆಟ, ಆಡುತ್ತೀರಿ. ನಾಲ್ವರೂ ಶಟಲ್ ಆಡಿ ಬಂದವರು. ಹಿಂದಿನಿಂದ ಹೊಡೆತ ಚೆನ್ನಾಗಿ ಬರುತ್ತದೆ, ನೆಟ್ ಹತ್ತಿರ ಬಂದ ಕೂಡಲೇ ಚೆಂಡು ಮೇಲೇಳುತ್ತದೆ, ಎದುರಿನವರು ಬಡಿದು ಮುಗಿಸುತ್ತಾರೆ. ನಡುವೆ ಬಂದ ಚೆಂಡನ್ನು ಇಬ್ಬರೂ ನೋಡುತ್ತಾ ನಿಲ್ಲುತ್ತೀರಿ. ನನ್ನ ಅಭಿಪ್ರಾಯದಲ್ಲಿ ಎರಡಕ್ಕೂ ಮೂಲ ಒಂದೇ, ಕಾಲು ಸರಿಯಾದ ಜಾಗದಲ್ಲಿ ಇಲ್ಲ. ಕೈ ತಿದ್ದುವುದು ಆಮೇಲೆ.

ಮೊದಲು ಟೇಪ್ ಹಿಡಿದು ಕೋರ್ಟ್ ಅಳೆಯಿರಿ. ಶಟಲ್‌ನ ಡಬಲ್ಸ್ ಕೋರ್ಟಿಗೂ ಪಿಕಲ್‌ಬಾಲ್ ಕೋರ್ಟಿಗೂ ಅಳತೆ ಒಂದೇ, 44 ಅಡಿ ಉದ್ದ, 20 ಅಡಿ ಅಗಲ. 1965ರಲ್ಲಿ ಅಮೆರಿಕದ ಬೇನ್‌ಬ್ರಿಜ್ ದ್ವೀಪದಲ್ಲಿ ಈ ಆಟ ಶುರುವಾದದ್ದೇ ಒಂದು ಮನೆಯ ಶಟಲ್ ಕೋರ್ಟಿನಲ್ಲಿ. ಆದರೆ ಒಂದು ಗೆರೆ ನಿಮ್ಮನ್ನು ದಾರಿ ತಪ್ಪಿಸುತ್ತದೆ. ಶಟಲ್‌ನ ಮುಂದಿನ ಸರ್ವಿಸ್ ಗೆರೆ ನೆಟ್‌ನಿಂದ ಆರೂವರೆ ಅಡಿಗೆ ಉಂಟು. ಪಿಕಲ್‌ಬಾಲ್‌ನಲ್ಲಿ ಕಿಚನ್ ಎಂದು ಕರೆಯುವ ಜಾಗದ ಗೆರೆ 7 ಅಡಿಗೆ. ನೆಟ್‌ನಿಂದ ಆ ಗೆರೆವರೆಗಿನ ಜಾಗದಲ್ಲಿ ಕಾಲಿಟ್ಟು ವಾಲಿ ಮಾಡುವಂತಿಲ್ಲ, ಅಂದರೆ ಪುಟಿಯದ ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಹಳೆಯ ಗೆರೆಯನ್ನೇ ಕಿಚನ್ ಎಂದುಕೊಂಡು ಅಭ್ಯಾಸ ಮಾಡಿದರೆ, ಸರಿಯಾದ ಕೋರ್ಟಿಗೆ ಹೋದ ದಿನ ವಾಲಿಗೊಮ್ಮೆ ಕಾಲು ಗೆರೆ ಮೇಲೆ ಬಿದ್ದು ಫೌಲ್ ಆಗುತ್ತದೆ. ಬಣ್ಣದ ಟೇಪ್ ಅಂಟಿಸಿ, ಅದರ ಹೊರ ಅಂಚು ಸರಿಯಾಗಿ 7 ಅಡಿಗೆ ಬರಲಿ. ಗೆರೆಯೂ ಕಿಚನ್‌ಗೆ ಸೇರಿದ್ದು.

ನೆಟ್‌ನ ಎತ್ತರವನ್ನೂ ನೋಡಿ. ಬದಿಯಲ್ಲಿ 36 ಇಂಚು, ನಡುವೆ 34. ಶಟಲ್ ನೆಟ್ ಎರಡೂವರೆ ಅಡಿ ಆಳ ಇರುವುದರಿಂದ ಇಳಿಸಿದಾಗ ಕೆಳಗೆ ಸುಮಾರು ನಾಲ್ಕು ಇಂಚು ಸಂದು ಉಳಿಯುತ್ತದೆ, ಚೆಂಡು ಅದರಡಿ ನುಸುಳಿದರೆ ಪಾಯಿಂಟ್ ಕೊಡಬೇಡಿ. ಹಗ್ಗ ಸಡಿಲವಾಗಿ ನಡು ಭಾಗ 30 ಇಂಚಿಗೆ ಜೋತು ಬಿದ್ದಿದ್ದರೆ ನಿಮ್ಮ ಮೆತ್ತಗಿನ ಹೊಡೆತಗಳೆಲ್ಲ ಚೆನ್ನಾಗಿವೆ ಎಂಬ ಭ್ರಮೆ ಹುಟ್ಟುತ್ತದೆ.

ಈಗ ನಿಲ್ಲುವ ಜಾಗ. ಕಾಲ್ಬೆರಳು ಕಿಚನ್ ಗೆರೆಯಿಂದ ಎರಡು ಮೂರು ಇಂಚು ಹಿಂದೆ ಇರಲಿ, ಅದಕ್ಕಿಂತ ಹಿಂದೆ ಬೇಡ. ಗೆರೆ ತುಳಿಯುವ ಹೆದರಿಕೆಯಿಂದ ಹೊಸಬರು ಎರಡು ಅಡಿ ಹಿಂದೆ ನಿಲ್ಲುತ್ತಾರೆ. ಆ ಎರಡು ಅಡಿಯಲ್ಲೇ ನಷ್ಟವೆಲ್ಲ. ಗೆರೆಯ ಬಳಿ ನಿಂತವರು ಕೈ ಚಾಚಿ ಸೊಂಟದ ಎತ್ತರದಲ್ಲಿ ಗಾಳಿಯಲ್ಲೇ ತೆಗೆದುಕೊಳ್ಳುವ ಚೆಂಡು, ಹಿಂದೆ ನಿಂತವರ ಪಾದದ ಹತ್ತಿರ ಬೀಳುತ್ತದೆ. ಪಾದದ ಹತ್ತಿರದ ಚೆಂಡನ್ನು ನೆಟ್ ದಾಟಿಸಬೇಕಾದರೆ ಮೇಲಕ್ಕೆತ್ತದೆ ಬೇರೆ ದಾರಿ ಇಲ್ಲ. ನೀವು ಹೇಳುವ ‘ಏಳುವ ಚೆಂಡು’ ಹುಟ್ಟುವುದು ಹೀಗೆ.

ಪಾದಗಳ ನಡುವೆ ಭುಜದಗಲಕ್ಕಿಂತ ತುಸು ಹೆಚ್ಚು ಅಂತರ, ಮಂಡಿ ಬಾಗಿರಲಿ, ಭಾರ ಹಿಮ್ಮಡಿ ಬಿಟ್ಟು ಪಾದದ ಮುಂಭಾಗದ ಮೇಲೆ. ಪ್ಯಾಡಲ್ ಎದೆಯ ಮಟ್ಟದಲ್ಲಿ, ದೇಹದಿಂದ ಒಂದಡಿ ಮುಂದೆ, ತುದಿ ಸ್ವಲ್ಪ ಬ್ಯಾಕ್‌ಹ್ಯಾಂಡ್ ಕಡೆಗೆ ವಾಲಿರಲಿ. ಹೊಟ್ಟೆಯ ನೇರಕ್ಕೆ ಬರುವ ವೇಗದ ಚೆಂಡನ್ನು ಬ್ಯಾಕ್‌ಹ್ಯಾಂಡಿನಲ್ಲಿ ತಡೆಯುವುದು ಸುಲಭ, ಫೋರ್‌ಹ್ಯಾಂಡಿನಲ್ಲಾದರೆ ಮೊಣಕೈ ಪಕ್ಕೆಗೆ ಸಿಕ್ಕಿಬೀಳುತ್ತದೆ. ಪ್ರತಿ ಹೊಡೆತದ ನಂತರ ಪ್ಯಾಡಲ್ ಇದೇ ಜಾಗಕ್ಕೆ ಮರಳಬೇಕು. ಶಟಲ್‌ನವರು ಒಂದೋ ತಲೆಯ ಮೇಲೆ ಎತ್ತಿಟ್ಟಿರುತ್ತಾರೆ, ಇಲ್ಲದಿದ್ದರೆ ತೊಡೆಯ ಬದಿಗೆ ಇಳಿಬಿಟ್ಟಿರುತ್ತಾರೆ.

ಕೈಯ ವಿಷಯದಲ್ಲಿ ನಿಮ್ಮಂಥವರಿಗೆ ಇರುವ ದೊಡ್ಡ ತೊಡಕು ಮಣಿಕಟ್ಟು. ಶಟಲ್ ರ್ಯಾಕೆಟ್ 80–90 ಗ್ರಾಂ ತೂಗುತ್ತದೆ, ಪ್ಯಾಡಲ್ ಸಾಮಾನ್ಯವಾಗಿ 210ರಿಂದ 240 ಗ್ರಾಂ. ಹಗುರ ರ್ಯಾಕೆಟ್‌ನಲ್ಲಿ ಮಣಿಕಟ್ಟು ತಿರುಗಿಸಿ ಕೊನೇ ಕ್ಷಣದಲ್ಲಿ ದಿಕ್ಕು ಬದಲಿಸುವ ಆ ಚಳಕ ಇಲ್ಲಿ ಪ್ಯಾಡಲ್‌ನ ಮುಖವನ್ನೇ ಆಕಾಶಕ್ಕೆ ತೆರೆದುಬಿಡುತ್ತದೆ. ಶಟಲ್ ಕಾಕ್ ಗಾಳಿಯ ತಡೆಗೆ ಸಿಕ್ಕಿ ಬೇಗ ಬೀಳುತ್ತದೆ, ಈ ಪ್ಲಾಸ್ಟಿಕ್ ಚೆಂಡು ಅಷ್ಟು ಬೇಗ ಇಳಿಯುವುದಿಲ್ಲ. ಹಾಗಾಗಿ ನೆಟ್ ಹತ್ತಿರದ ಮೆತ್ತಗಿನ ಹೊಡೆತ, ಅಂದರೆ ಡಿಂಕ್, ಭುಜದಿಂದ ಬರಬೇಕು. ಮಣಿಕಟ್ಟು ಗಟ್ಟಿ, ಹಿಡಿತ ಸಡಿಲ. ಪೂರ್ತಿ ಬಿಗಿ ಹಿಡಿತವನ್ನು ಹತ್ತು ಎಂದುಕೊಂಡರೆ ಡಿಂಕ್‌ಗೆ ಮೂರು, ನಾಲ್ಕು ಸಾಕು. ಪ್ಯಾಡಲ್ ಹಿಂದಕ್ಕೆ ತೆಗೆಯುವುದು ಬೇಡವೇ ಬೇಡ. ಚೆಂಡಿನ ಹಿಂದೆ, ಕೆಳಗೆ ಇಟ್ಟು ಮುಂದಕ್ಕೆ ತಳ್ಳಿದರೆ ಆಯಿತು. ಹಿಡಿಯುವ ರೀತಿ ಬದಲಿಸಬೇಕಿಲ್ಲ, ಕೈಕುಲುಕುವಂತೆ ಹಿಡಿಯುವ ಶಟಲ್‌ನ ಮೂಲ ಹಿಡಿತವೇ ಇಲ್ಲಿಗೂ ಸರಿ.

ಡಿಂಕ್‌ನ ಕಮಾನು ಹೇಗಿರಬೇಕೆಂದರೆ, ಚೆಂಡಿನ ಅತಿ ಎತ್ತರದ ಬಿಂದು ನೆಟ್‌ನ ನಿಮ್ಮ ಬದಿಯಲ್ಲೇ ಬರಬೇಕು. ದಾಟುವಾಗ ಅದು ಇಳಿಯುತ್ತಿರಬೇಕು. ದಾಟಿದ ಮೇಲೂ ಏರುತ್ತಿದ್ದರೆ ನೆಟ್‌ಗಿಂತ ಅರ್ಧ ಅಡಿ ಮಾತ್ರ ಮೇಲಿದ್ದರೂ ಎದುರಿನವರಿಗೆ ಅದು ಹೊಡೆಯುವ ಚೆಂಡೇ. ಗುರಿ ಅವರ ಪಾದದ ಮುಂದಿನ ಕಿಚನ್ ಜಾಗ.

ಕರ್ಣವಾಗಿ ಡಿಂಕ್ ಮಾಡುವುದನ್ನೇ ಹೆಚ್ಚು ಅಭ್ಯಾಸ ಮಾಡಿ. ನೇರಕ್ಕೆ ಗೆರೆಯಿಂದ ಗೆರೆಗೆ 14 ಅಡಿ, ಮೂಲೆಯಿಂದ ಮೂಲೆಗೆ 24 ಅಡಿಗೂ ಹೆಚ್ಚು. ಚೆಂಡು ಇಳಿಯಲು ಅಷ್ಟು ಹೆಚ್ಚು ಜಾಗ ಸಿಗುತ್ತದೆ, ಜೊತೆಗೆ ಅದು ನೆಟ್‌ನ ತಗ್ಗು ಭಾಗದ ಮೇಲೆ ಹಾದುಹೋಗುತ್ತದೆ. ನೇರ ಡಿಂಕ್‌ನಲ್ಲಿ ತಪ್ಪಿಗೆ ಜಾಗ ಕಡಿಮೆ.

ಚೆಂಡು ಏಳುತ್ತಿದ್ದರೆ ಕಾರಣ ಹುಡುಕುವ ಕ್ರಮ ಹೇಳುತ್ತೇನೆ. ಹೊಡೆದ ಕ್ಷಣದಲ್ಲಿ ಚೆಂಡು ಎಲ್ಲಿತ್ತು? ಮುಂದಿನ ಪಾದಕ್ಕಿಂತ ಮುಂದೆ ಇದ್ದಿದ್ದರೆ ಸರಿ. ಸೊಂಟದ ಪಕ್ಕಕ್ಕೋ ಹಿಂದಕ್ಕೋ ಬಂದಿದ್ದರೆ ನೀವು ತಡವಾಗಿ ಸರಿದಿದ್ದೀರಿ, ಕಾಲನ್ನು ದೂರಬೇಕು. ಮುಂದೆಯೇ ಇದ್ದೂ ಎದ್ದರೆ, ಮಂಡಿ ನೆಟ್ಟಗಾಯಿತೇ ನೋಡಿ. ಬಾಗಿ ಶುರುಮಾಡಿ, ಹೊಡೆಯುತ್ತಾ ಎದ್ದು ನಿಲ್ಲುವವರು ಬಹಳ. ದೇಹ ಎದ್ದರೆ ಪ್ಯಾಡಲ್ ಕೂಡ ಏಳುತ್ತದೆ. ಅದೂ ಸರಿಯಿದ್ದರೆ ಹಿಡಿತ. ನಮ್ಮ ಕಡೆಯ ಏಪ್ರಿಲ್-ಮೇ ಸೆಕೆಯಲ್ಲಿ ಅಂಗೈ ಬೆವರಿ ಪ್ಯಾಡಲ್ ಜಾರುತ್ತದೆ, ಜಾರದಿರಲೆಂದು ನಾವೇ ಗೊತ್ತಿಲ್ಲದೆ ಬಿಗಿ ಹಿಡಿಯುತ್ತೇವೆ, ಬಿಗಿ ಹಿಡಿದ ಪ್ಯಾಡಲ್‌ನಿಂದ ಚೆಂಡು ಚಿಮ್ಮುತ್ತದೆ. ಇದಕ್ಕೆ ತಂತ್ರಕ್ಕಿಂತ ಓವರ್‌ಗ್ರಿಪ್, ಅಂದರೆ ಹಿಡಿಯ ಮೇಲೆ ಸುತ್ತುವ ಬೆವರು ಹೀರುವ ಪಟ್ಟಿ, ಒಳ್ಳೆಯ ಮದ್ದು. ಆಟ ಮುಗಿದ ಮೇಲೆ ಬಿಚ್ಚಿ ನೆರಳಲ್ಲಿ ಒಣಗಿಸಿ, ಅಂಟು ಹೋದರೆ ಬದಲಿಸಿ.

ಇನ್ನೊಂದು ಶಟಲ್ ಅಭ್ಯಾಸವೆಂದರೆ ಎಲ್ಲವನ್ನೂ ಗಾಳಿಯಲ್ಲೇ ತೆಗೆಯುವುದು. ಇಲ್ಲಿ ಚೆಂಡು ಒಮ್ಮೆ ಪುಟಿಯಬಹುದು. ಗೆರೆಯ ಹಿಂದೆ ನಿಂತು, ಮೈ ತೂಕ ತಪ್ಪದೆ ಕೈಗೆಟಕಿದರೆ ವಾಲಿ ಮಾಡಿ. ಎಟಕದಿದ್ದರೆ ಪುಟಿಯಲು ಬಿಟ್ಟು, ಒಂದೇ ಕಾಲು ಕಿಚನ್ ಒಳಗಿಟ್ಟು ಹೊಡೆದು, ಅದೇ ಕಾಲಿನಿಂದ ಒತ್ತಿ ಹಿಂದಕ್ಕೆ ಬನ್ನಿ. ಪುಟಿದ ಚೆಂಡಿಗಾಗಿ ಕಿಚನ್‌ಗೆ ಹೋಗುವುದಕ್ಕೆ ಯಾವ ತಡೆಯೂ ಇಲ್ಲ, ಆದರೆ ಮತ್ತೆ ವಾಲಿ ಮಾಡುವ ಮೊದಲು ಎರಡೂ ಪಾದ ಹೊರಗೆ ನೆಲದ ಮೇಲೆ ಇರಬೇಕು. ಹೊರಗಿನಿಂದ ಹಾರಿ ವಾಲಿ ಸ್ಮ್ಯಾಶ್ ಹೊಡೆದು ಒಳಗಿಳಿದರೆ, ಆ ಹೊತ್ತಿಗೆ ಪಾಯಿಂಟ್ ಮುಗಿದಿದ್ದರೂ, ಫೌಲೇ. ಆ ರಭಸದಲ್ಲಿ ಟೊಪ್ಪಿ ಒಳಗೆ ಬಿದ್ದರೂ ಫೌಲ್. ಜಂಪ್ ಸ್ಮ್ಯಾಶ್ ರೂಢಿಯಾದವರು ಆ ರೂಢಿಯನ್ನು ಬೇಗ ಮರೆಯುವುದು ಒಳ್ಳೆಯದು.

ಇಬ್ಬರ ಹೊಂದಾಣಿಕೆಗೆ ಬರುತ್ತೇನೆ. ಶಟಲ್‌ನಲ್ಲಿ ದಾಳಿಯ ಹೊತ್ತಿಗೆ ಒಬ್ಬರು ಮುಂದೆ, ಒಬ್ಬರು ಹಿಂದೆ. ಇಲ್ಲಿ ಅದನ್ನು ಪೂರ್ತಿ ಬಿಡಬೇಕು. ಇಬ್ಬರೂ ಮುಂದೆ, ಅಥವಾ ಇಬ್ಬರೂ ಹಿಂದೆ. ಒಬ್ಬರೇ ಹಿಂದುಳಿದರೆ ನಡುವೆ ಓರೆಯಾಗಿ ದೊಡ್ಡ ಬಾಗಿಲು ತೆರೆಯುತ್ತದೆ. ಸರ್ವ್ ಸ್ವೀಕರಿಸುವ ತಂಡದಲ್ಲಿ ಸ್ವೀಕರಿಸದವರು ಮೊದಲೇ ಕಿಚನ್ ಗೆರೆಗೆ ಬಂದು ನಿಲ್ಲಲಿ. ಸ್ವೀಕರಿಸಿದವರು ಆಳಕ್ಕೆ, ಎತ್ತರವಾಗಿ, ನಿಧಾನವಾಗಿ ಹೊಡೆದು ಆ ಸಮಯದಲ್ಲಿ ಓಡಿ ಬರಲಿ. ಸರ್ವ್ ಮಾಡಿದ ತಂಡ ಮಾತ್ರ ಹಿಂದೆಯೇ ಕಾಯಬೇಕು, ತಿರುಗಿ ಬಂದ ಚೆಂಡು ಒಮ್ಮೆ ಪುಟಿಯಲೇಬೇಕೆಂಬ ನಿಯಮ ಇರುವುದರಿಂದ.

ನೆಟ್ ಬಳಿ ಇಬ್ಬರೂ ಸೊಂಟಕ್ಕೆ ಒಂದೇ ಹಗ್ಗ ಕಟ್ಟಿಕೊಂಡವರಂತೆ ಸರಿಯಬೇಕು. ಚೆಂಡು ನಿಮ್ಮ ಬಲಬದಿಯ ಅಂಚಿನ ಎದುರಿಗೆ ಹೋಯಿತೆನ್ನಿ. ಬಲಗಡೆಯವರು ಬದಿಗೆರೆಯಿಂದ ಎರಡು ಮೂರು ಅಡಿ ಒಳಗೆ ನಿಂತು ನೇರ ಹೊಡೆತವನ್ನು ಕಾಯಬೇಕು, ಎಡಗಡೆಯವರು ಕೋರ್ಟಿನ ನಡುವಿಗೆ ಬರಬೇಕು. ಎಡ ಮೂಲೆ ಆಗ ಖಾಲಿ. ಪರವಾಗಿಲ್ಲ, ಅಲ್ಲಿಗೆ ಚೆಂಡು ತಲುಪಲು ಅತಿ ಉದ್ದದ ದಾರಿ ಹಿಡಿಯಬೇಕು, ಅಷ್ಟರಲ್ಲಿ ಒಂದು ಹೆಜ್ಜೆ ಇಡಬಹುದು. ನಡುಭಾಗ ಬಿಟ್ಟು ಮೂಲೆ ಕಾಯುವ ಜೋಡಿಯೇ ಹೆಚ್ಚು ಪಾಯಿಂಟ್ ಕಳೆದುಕೊಳ್ಳುತ್ತದೆ.

ನಡುವಿನ ಚೆಂಡು ಯಾರದ್ದು ಎಂಬುದನ್ನು ಆಟಕ್ಕೆ ಮೊದಲೇ ತೀರ್ಮಾನಿಸಿ. ಇಬ್ಬರೂ ಬಲಗೈಯವರಾದರೆ ವೇಗದ ಚೆಂಡು ಎಡಗಡೆ ನಿಂತವರದ್ದು, ಅವರ ಫೋರ್‌ಹ್ಯಾಂಡ್ ನಡುವಿಗೆ ಬರುತ್ತದೆ. ನಿಧಾನದ ಡಿಂಕ್ ಆದರೆ ಹೊಡೆದವರಿಗೆ ಕರ್ಣವಾಗಿ ನಿಂತವರದ್ದು, ಏಕೆಂದರೆ ನೇರಕ್ಕಿರುವವರು ಬದಿಗೆರೆ ಕಾಯುತ್ತಿರುತ್ತಾರೆ. ಬಾಯಿಬಿಟ್ಟು ಕೂಗುವುದು ಮುಖ್ಯ. ಜೊತೆಗಾರರು ತುಳುವಿನವರೋ ಮಲಯಾಳದವರೋ ಆಗಿದ್ದರೆ ‘ನನ್ನದು’, ‘ಬಿಡು’ ಎರಡಕ್ಕೂ ಯಾವ ಭಾಷೆಯ ಮಾತು ಎಂದು ಮೊದಲೇ ಒಪ್ಪಿಕೊಳ್ಳಿ.

ಹಿಂದಿನಿಂದ ನೆಟ್‌ಗೆ ಬರುವುದು ಒಂದೇ ಓಟದಲ್ಲಿ ಆಗುವ ಕೆಲಸವಲ್ಲ. ಎದುರಿನವರ ಕಿಚನ್‌ನಲ್ಲಿ ಬೀಳುವ ಮೆತ್ತಗಿನ ಹೊಡೆತ ಹಾಕಿ, ಅದು ತಗ್ಗಾಗಿ ಹೋದರೆ ಮುಂದೆ ಬನ್ನಿ, ಎತ್ತರವಾದರೆ ಅಲ್ಲೇ ನಿಂತು ಪ್ಯಾಡಲ್ ಮಂಡಿಯ ಮಟ್ಟಕ್ಕೆ ಇಳಿಸಿ. ಎದುರಿನವರ ಪ್ಯಾಡಲ್ ಚೆಂಡಿಗೆ ತಾಗುವ ಹೊತ್ತಿಗೆ ನೀವು ಎಲ್ಲೇ ಇರಿ, ಎರಡೂ ಪಾದ ಅಗಲಿಸಿ ನಿಂತಿರಬೇಕು. ಓಡುತ್ತಾ ಹೊಡೆದ ಚೆಂಡು ಹಿಡಿತಕ್ಕೆ ಸಿಗುವುದಿಲ್ಲ. ದಾರಿಯ ನಡುವೆ ವೇಗದ ಚೆಂಡು ಬಂದರೆ ತಿರುಗಿ ಬಡಿಯಬೇಡಿ. ಹಿಡಿತ ಸಡಿಲಿಸಿ, ಪ್ಯಾಡಲ್‌ನ ಮುಖ ತುಸು ಮೇಲಕ್ಕೆ ತೆರೆದು, ಚೆಂಡಿನ ವೇಗವನ್ನು ಅದು ನುಂಗುವಂತೆ ಬಿಟ್ಟು ಕಿಚನ್‌ಗೆ ಬೀಳಿಸಿ.

ಬಡಿಯುವುದು ಯಾವಾಗ? ಚೆಂಡು ನೆಟ್‌ನ ಎತ್ತರಕ್ಕಿಂತ ಮೇಲಿದ್ದಾಗ ಮಾತ್ರ. ಗುರಿ ಎದುರಿನವರು ಪ್ಯಾಡಲ್ ಹಿಡಿದ ಕೈಯ ಬದಿಯ ಸೊಂಟ ಅಥವಾ ಕಂಕುಳು. ಹಾಗೆಯೇ, ನೆಟ್‌ಗಿಂತ ಕೆಳಗಿನಿಂದ ಯಾರಾದರೂ ಜೋರಾಗಿ ಹೊಡೆದದ್ದು ನಿಮ್ಮ ಭುಜದೆತ್ತರಕ್ಕೆ ಬಂದರೆ ಬಿಟ್ಟುಬಿಡಿ, ಸಾಮಾನ್ಯವಾಗಿ ಅದು ಹೊರಗೆ ಹೋಗುವ ಚೆಂಡು. ಇದಕ್ಕೂ ಶಟಲ್‌ನ ಕೈ ಸುಮ್ಮನಿರುವುದಿಲ್ಲ, ಕಲಿಸಬೇಕು.

ಬಯಲಲ್ಲಿ ಆಡುವುದಾದರೆ 40 ತೂತಿನ ಚೆಂಡು, ಒಳಾಂಗಣಕ್ಕೆ 26 ತೂತಿನದ್ದು. ಕುಂಬಳೆ, ಉಪ್ಪಳದಂಥ ಕಡಲ ಬದಿಯಲ್ಲಿ ಮಧ್ಯಾಹ್ನದ ಮೇಲೆ ಪಡುಗಾಳಿ ಬೀಸುತ್ತದೆ. ಕೋರ್ಟ್ ಉತ್ತರ-ದಕ್ಷಿಣವಾಗಿದ್ದರೆ ಅದು ಅಡ್ಡಗಾಳಿ. ಹೆಚ್ಚೆಂದರೆ 26 ಗ್ರಾಂ ಚಿಲ್ಲರೆ ತೂಗುವ ಚೆಂಡು ಪೂರ್ವಕ್ಕೆ ಸರಿಯುತ್ತದೆ, ಗುರಿಯನ್ನು ಒಂದೆರಡು ಅಡಿ ಪಶ್ಚಿಮಕ್ಕೆ ಇಟ್ಟುಕೊಳ್ಳಿ.

ಅಭ್ಯಾಸಕ್ಕೆ ಆಟದ ಮೊದಲಿನ 20 ನಿಮಿಷ ಸಾಕು. ಐದು ನಿಮಿಷ ನೇರ ಡಿಂಕ್, ಹತ್ತು ನಿಮಿಷ ಕರ್ಣ ಡಿಂಕ್, ಎರಡೂ ಮೂಲೆಯಿಂದ. ನೆಟ್‌ನ ಮೇಲೆ ಒಂದಡಿ ಎತ್ತರಕ್ಕೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ, ಚೆಂಡು ನೆಟ್‌ಗೂ ಹಗ್ಗಕ್ಕೂ ನಡುವೆ ಹೋಗಬೇಕೆಂದು ನಿಯಮ ಮಾಡಿಕೊಳ್ಳಿ. ಉಳಿದ ಐದು ನಿಮಿಷಕ್ಕೆ ಹಗ್ಗ ಬಿಚ್ಚಿ, ಅರ್ಧ ಕೋರ್ಟಿನಲ್ಲಿ ಒಬ್ಬರು ಕಿಚನ್ ಗೆರೆಯಲ್ಲಿ, ಒಬ್ಬರು ಹಿಂದಿನ ಗೆರೆಯಲ್ಲಿ ನಿಂತು ಪಾಯಿಂಟ್ ಆಡಿ. ಮುಂದಿನವರು 11 ಮುಟ್ಟಿದರೆ ಗೆದ್ದರು, ಹಿಂದಿನವರಿಗೆ 7 ಸಾಕು. ನಂತರ ಜಾಗ ಬದಲಿಸಿ. ಮಳೆಗಾಲದಲ್ಲಿ ಸಿಮೆಂಟ್ ಅಂಗಳ ಪಾಚಿ ಹಿಡಿದಿದ್ದರೆ ಈ ಅಭ್ಯಾಸವೂ ಅಲ್ಲಿ ಬೇಡ, ಬದಿಗೆ ಸರಿಯುವ ಆಟದಲ್ಲಿ ಮೊದಲು ಹೋಗುವುದು ಕಾಲಿನ ಗಂಟು. ಶಟಲ್‌ನ ರಬ್ಬರ್ ಅಡಿಯ ಶೂ ಹಾಕಿ ಒಳಾಂಗಣಕ್ಕೆ ಹೋಗಿ.