ಉಗುಳಿನ ಪರೀಕ್ಷೆಯಿಂದ ತುಟಿಯ ಬಯಾಪ್ಸಿ ತಪ್ಪೀತೇ?

ಅಕ್ಕ, ನಾಲ್ಕು ಪದ್ಯ ಹಾಡುವಷ್ಟರಲ್ಲಿ ನಾಲಿಗೆ ಅಂಗುಳಿಗೆ ಅಂಟುತ್ತದೆ, ಕಣ್ಣಿಗೆ ಮರಳು ಬಿದ್ದಂತಾಗುತ್ತದೆ ಎಂದು ಬರೆದಿದ್ದೀರಿ. ಬಾಯಿ, ಕಣ್ಣು ಒಣಗಿಸುವ ಶೋಗ್ರೆನ್ಸ್ ಕಾಯಿಲೆಯ ಅನುಮಾನದಿಂದ ವೈದ್ಯರು ಹೇಳಿರುವ ತುಟಿಯ ಬಯಾಪ್ಸಿಯ (ಒಳಗಿನ ಚಿಕ್ಕ ಗ್ರಂಥಿಗಳನ್ನು ತೆಗೆದು ಪರೀಕ್ಷಿಸುವುದು) ಬದಲು ಉಗುಳಿನ ಪ್ರೋಟೀನ್ ಪರೀಕ್ಷೆ ಸಾಲದೇ ಎಂದು ಕೇಳಿದ್ದೀರಿ. ಗಮಕದ ಗುಂಪಿನಲ್ಲಿ ಇದೇಕೆ ಎಂದು ಯಾರೂ ಹುಬ್ಬೇರಿಸಬೇಡಿ. ಬಾಯಿ ಒಣಗಿದರೆ ಹಳಗನ್ನಡದ ಒತ್ತಕ್ಷರ ಹೊರಡುವುದಿಲ್ಲ. ನಾನೂ ಇದೇ ಕಾಯಿಲೆಯವಳು.

ಸದ್ಯಕ್ಕೆ ಸಾಲದು. ವಿಚಾರವೇನೋ ಸರಿಯಾಗಿದೆ. ಈ ಕಾಯಿಲೆಯಲ್ಲಿ ನಮ್ಮದೇ ಬಿಳಿ ರಕ್ತಕಣಗಳು ಜೊಲ್ಲಿನ, ಕಣ್ಣೀರಿನ ಗ್ರಂಥಿಗಳಿಗೆ ನುಗ್ಗಿ ಹಾಳುಮಾಡುತ್ತವೆ. ಆಗ ಗ್ರಂಥಿ ತಯಾರಿಸುವ ಅಮೈಲೇಸ್‌ನಂಥ ಪ್ರೋಟೀನ್ ಕಡಿಮೆಯಾಗಿ, ಉರಿಯೂತದ ಗುರುತಾದ ಬೀಟಾ-2 ಮೈಕ್ರೋಗ್ಲಾಬ್ಯುಲಿನ್‌ನಂಥದು ಹೆಚ್ಚುತ್ತದೆ. ಆದರೆ ವಸಡು ಊದಿ ರಕ್ತ ಒಸರುತ್ತಿದ್ದರೂ ಉರಿಯೂತದ ಪ್ರೋಟೀನ್‌ಗಳು ಏರುತ್ತವೆ. ಬಾಯಿ ಒಣಗಿದವರಲ್ಲಿ ಹಲ್ಲು, ವಸಡು ನೆಟ್ಟಗಿರುವವರು ಎಷ್ಟು ಜನ? ಜೊತೆಗೆ, ಉಗುಳನ್ನು ಕೂಡಲೇ ಮಂಜುಗಡ್ಡೆಯಲ್ಲಿ ಇಡದಿದ್ದರೆ ಅದರಲ್ಲಿರುವ ಕಿಣ್ವಗಳೇ ಪ್ರೋಟೀನ್‌ಗಳನ್ನು ಕತ್ತರಿಸಿಹಾಕುತ್ತವೆ. ಸಂಶೋಧನಾಲಯದಲ್ಲಿ ಸಾಧ್ಯವಾದದ್ದು ಊರಿನ ಲ್ಯಾಬಿನಲ್ಲಿ ಕಷ್ಟ.

ಆದರೆ ಉಗುಳಿನ ಪ್ರಮಾಣ ಅಳೆಯುವುದು ಇವತ್ತೇ ಆಗುವ ಕೆಲಸ. ಒಂದು ಗಂಟೆ ಏನನ್ನೂ ತಿನ್ನದೆ, ಕುಡಿಯದೆ, ಎಲೆಅಡಿಕೆಯನ್ನೂ ಮುಟ್ಟದೆ ಕುಳಿತು, ತಲೆ ಬಗ್ಗಿಸಿ, ತಾನಾಗಿ ಊರಿದ್ದನ್ನು ಅಳತೆಯ ನಳಿಕೆಗೆ ಬಿಡಬೇಕು. ಐದು ನಿಮಿಷಕ್ಕೆ ಅರ್ಧ ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಲೆಕ್ಕಕ್ಕೆ ಬರುತ್ತದೆ. ಹುಣಸೆಹಣ್ಣನ್ನು ನೆನೆಸಿಕೊಳ್ಳಬೇಡಿ!

ಯಾವ ಲೆಕ್ಕ ಎಂದರೆ, ಈ ಕಾಯಿಲೆಗೆಂದೇ ಇರುವ 2016ರ ಅಂತಾರಾಷ್ಟ್ರೀಯ ಮಾನದಂಡದಲ್ಲಿ ನಾಲ್ಕು ಅಂಕ ಬೇಕು. ರಕ್ತದಲ್ಲಿ ಆ್ಯಂಟಿ-ರೋ ಎಂಬ, ನಮ್ಮ ದೇಹದ ಮೇಲೇ ತಿರುಗುವ ಪ್ರತಿಕಾಯ ಸಿಕ್ಕರೆ 3, ತುಟಿಯ ಬಯಾಪ್ಸಿಯಲ್ಲಿ ಕಾಯಿಲೆಯ ಗುರುತು ಕಂಡರೆ 3. ಉಗುಳಿನ ಪ್ರಮಾಣ ಹಾಗೆ ಕಡಿಮೆಯಿದ್ದರೆ 1. ಕಣ್ಣಿನ ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿದಾಗ ಐದು ನಿಮಿಷದಲ್ಲಿ 5 ಮಿಲಿಮೀಟರ್‌ಗಿಂತ ಹೆಚ್ಚು ಒದ್ದೆಯಾಗದಿದ್ದರೆ ಇನ್ನೊಂದು ಅಂಕ. ಉಗುಳಿನ ಪ್ರೋಟೀನ್‌ಗೆ ಅದರಲ್ಲಿ ಜಾಗವೇ ಇಲ್ಲ. ರಕ್ತದ ಫಲಿತಾಂಶ ಪಾಸಿಟಿವ್ ಬಂದು ಉಗುಳೋ ಕಣ್ಣೀರೋ ಕಡಿಮೆಯಿದ್ದರೆ, ತುಟಿಗೆ ಕೈಹಾಕದೆ ನಾಲ್ಕು ಅಂಕವಾಯಿತು. ನನಗೆ ರಕ್ತದಲ್ಲಿ ಏನೂ ಸಿಗಲಿಲ್ಲ, ಹಾಗಾಗಿ ಬಯಾಪ್ಸಿ ತಪ್ಪಲಿಲ್ಲ. ಕೆಳತುಟಿಯ ಒಳಗೆ ಮರಗಟ್ಟಿಸಿ, ಸಾಬೂದಾನಿಯಷ್ಟು ಚಿಕ್ಕ ನಾಲ್ಕೈದು ಗ್ರಂಥಿ ತೆಗೆದರು. ಒಂದು ವಾರ ಸಾರನ್ನ ತಿಂದೆ. ಕೆಲವರಿಗೆ ಆ ಜಾಗ ಬಹಳ ದಿನ ಜೋಮು ಹಿಡಿದಂತಿರುತ್ತದೆ, ಮುಚ್ಚಿಡುವುದಿಲ್ಲ.

ಅಂದಹಾಗೆ, ನೆಗಡಿ, ಅಲರ್ಜಿ ಅಥವಾ ನಿದ್ರೆಗೆ ಮಾತ್ರೆ ನುಂಗುತ್ತಿದ್ದೀರಾ? ಅವುಗಳಿಂದಲೂ ಬಾಯಿ ಒಣಗುತ್ತದೆ. ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಆ್ಯಂಟಿ-ರೋ ಪರೀಕ್ಷೆ ಆಗಿದೆಯೇ ಎಂದು ಕೇಳಿ. ತುಟಿಯ ಮಾತು ಆಮೇಲೆ.