ವ್ಯಾನುಗಳ ಸಾಲು ಕಂಡು ನೀವು ಕೇಳಿದ ಪ್ರಶ್ನೆಗೆ

ನಮಸ್ಕಾರ. ಅಮೆರಿಕದ ಸ್ಯಾನ್ ಹೋಸೆಗೆ ಬಂದ ಎರಡನೇ ವಾರದಲ್ಲೇ, ಕಚೇರಿಯ ಹಿಂದಿನ ರಸ್ತೆಯಲ್ಲಿ ನಿಂತ ಹಳೆಯ ವ್ಯಾನುಗಳಲ್ಲಿ ಸಂಸಾರಗಳು ವಾಸವಾಗಿರುವುದನ್ನು ಕಂಡು, 'ಇಷ್ಟು ಶ್ರೀಮಂತ ದೇಶದಲ್ಲಿ ಅನ್ನ, ಸೂರು, ಔಷಧಗಳೂ ಎಲ್ಲರಿಗೂ ದಕ್ಕುವುದಿಲ್ಲವೇ? ಅಮ್ಮನನ್ನು ಆರು ತಿಂಗಳಿಗೆ ಕರೆಸಿಕೊಳ್ಳಬಹುದೇ?' ಎಂದು ಕೇಳಿದ್ದೀರಿ. ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ಮೇಲೆ ನನಗೆ ತೋಚಿದ್ದಿಷ್ಟು: ಪದಾರ್ಥಗಳಿಗೆ ಇಲ್ಲಿ ಕೊರತೆಯಿಲ್ಲ, ಆದರೆ ಅವು ಮನುಷ್ಯನನ್ನು ತಲುಪುವ ದಾರಿ ಬಹುಪಾಲು ನೌಕರಿಯ ಮೂಲಕವೇ ಹಾದುಬರುತ್ತದೆ.

ಅನ್ನದ ವಿಷಯ ಬೇಗ ಮುಗಿಯುತ್ತದೆ. ಸೋನಾ ಮಸೂರಿ, ತೊಗರಿಬೇಳೆ ಹತ್ತಿರದ ಸನ್ನಿವೇಲ್ ಊರಿನ ಅಂಗಡಿಗಳಲ್ಲಿ ಸಿಗುತ್ತವೆ. 2022ರಿಂದ ಕ್ಯಾಲಿಫೋರ್ನಿಯದ ಸರ್ಕಾರಿ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ತಿಂಡಿ, ಊಟ ಉಚಿತ. (ನಮ್ಮ ಬಿಸಿಯೂಟ ಇದಕ್ಕಿಂತ ಸುಮಾರು ಇಪ್ಪತ್ತು ವರ್ಷ ಹಳೆಯದೆಂದು ಇಲ್ಲಿಯವರಿಗೆ ಹೇಳುವಾಗ ನನಗೊಂದು ಸಣ್ಣ ಹೆಮ್ಮೆ.) ಹಾಗಿದ್ದೂ 2023ರಲ್ಲಿ ದೇಶದ ಶೇ. 13.5ರಷ್ಟು ಮನೆಗಳು ಊಟಕ್ಕೆ ಸಾಕಷ್ಟು ಹೊಂದಿಸಿಕೊಳ್ಳಲು ಪರದಾಡಿದವು ಎಂದು ಕೃಷಿ ಇಲಾಖೆಯೇ ಲೆಕ್ಕ ಕೊಟ್ಟಿದೆ. ಮೊದಲು ಬಾಡಿಗೆ ಕಟ್ಟಬೇಕು, ಉಳಿದದ್ದು ಹೊಟ್ಟೆಗೆ.

ಆ ಬಾಡಿಗೆಯೇ ವ್ಯಾನುಗಳಿಗೂ ಕಾರಣ. ನಾವಿರುವ ಈ ಸಿಲಿಕಾನ್ ಕಣಿವೆ ದಶಕಗಳ ಕಾಲ ಕಂಪನಿಗಳನ್ನು ಕರೆದು ತಂದಿತು, ದುಡಿಯುವವರಿಗೆ ಬೇಕಾದಷ್ಟು ಮನೆ ಕಟ್ಟಲು ಬಿಡಲಿಲ್ಲ. ಹಾಗಾಗಿ ಕಚೇರಿ ಗುಡಿಸುವವರು, ಅಡುಗೆಮನೆಯಲ್ಲಿ ದುಡಿಯುವವರು ಸಹ ವ್ಯಾನಿನಲ್ಲಿ ಮಲಗಿ ಬೆಳಿಗ್ಗೆ ಕೆಲಸಕ್ಕೆ ಹೋಗುವುದುಂಟು. ಪಾಲೊ ಆಲ್ಟೊದಿಂದ ಪೂರ್ವ ಸ್ಯಾನ್ ಹೋಸೆಗೆ ರಾತ್ರಿಯಿಡೀ ಓಡುತ್ತಿದ್ದ 22ನೇ ನಂಬರಿನ ಬಸ್ಸಿನಲ್ಲಿ ಮನೆಯಿಲ್ಲದವರು ನಿದ್ದೆ ಮಾಡುತ್ತಿದ್ದರು. ಜನ ಅದನ್ನು 'ಹೋಟೆಲ್ 22' ಎಂದೇ ಕರೆಯುತ್ತಿದ್ದರು. 2024ರ ಜನವರಿಯ ಒಂದು ರಾತ್ರಿ ದೇಶದಾದ್ಯಂತ ಎಣಿಸಿದಾಗ ಸ್ವಂತ ನೆಲೆಯಿಲ್ಲದವರ ಸಂಖ್ಯೆ 7,71,480 ಇತ್ತು.

ನಿಮ್ಮಂಥ ಸಂಬಳದಾರರನ್ನು ನಿಜವಾಗಿ ಕಾಡುವುದು ಔಷಧ. 1986ರ ಕಾನೂನಿನಂತೆ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗ ಹಣವಿಲ್ಲವೆಂದು ಯಾರನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ, ಆದರೆ ಬಿಲ್ ಕಳುಹಿಸುವುದಕ್ಕೆ ಅಡ್ಡಿಯಿಲ್ಲ. ಬಂದ ಹೊಸತರಲ್ಲಿ ಒಂದು ರಾತ್ರಿ ಹೊಟ್ಟೆನೋವೆಂದು ನಾನು ಅಲ್ಲಿಗೆ ಓಡಿದ್ದೆ. ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟರು. ವಾರಗಳ ನಂತರ ಆಸ್ಪತ್ರೆಯದೊಂದು, ವೈದ್ಯರದೊಂದು, ಸ್ಕ್ಯಾನಿನದೊಂದು ಎಂದು ಮೂರು ಬಿಲ್ಲುಗಳು ಬಂದವು, ವಿಮೆ ಇದ್ದರೂ ಒಂದು ತಿಂಗಳ ಸಂಬಳದ ಹತ್ತಿರ ಹತ್ತಿರ ಹೋಯಿತು. ವರ್ಷಕ್ಕೆ ಇಂತಿಷ್ಟು ಮೊತ್ತವನ್ನು ಮೊದಲು ನಾವೇ ಭರಿಸಬೇಕು, ವಿಮೆ ಕೈಹಿಡಿಯುವುದು ಅದರ ನಂತರ ಎಂಬ 'ಡಿಡಕ್ಟಿಬಲ್' ಶಬ್ದದ ಅರ್ಥ ಅಂದು ತಿಳಿಯಿತು. ಕೆಲಸ ಹೋದರೆ ಹಳೆಯ ವಿಮೆಯನ್ನು 18 ತಿಂಗಳವರೆಗೆ ಮುಂದುವರಿಸುವ ಅವಕಾಶವೇನೋ ಇದೆ, ಆದರೆ ಕಂಪನಿ ಕಟ್ಟುತ್ತಿದ್ದ ಪಾಲನ್ನೂ ಸಂಬಳವಿಲ್ಲದ ನೀವೇ ಕಟ್ಟಬೇಕು. ನೌಕರಿಯ ಆಧಾರದ ಮೇಲೆ ಸಿಗುವ ಎಚ್-1ಬಿ ವೀಸಾದವರಿಗಂತೂ ಮತ್ತೊಂದು ಕೆಲಸ ಹುಡುಕಿಕೊಳ್ಳಲು ಹೆಚ್ಚೆಂದರೆ 60 ದಿನ.

ಆದ್ದರಿಂದ ಕಂಪನಿ ಕೊಟ್ಟಿರುವ ಗಡುವಿನೊಳಗೆ ವಿಮೆಯ ಕಾಗದಗಳನ್ನು ಪೂರ್ತಿ ಓದಿ ಆರಿಸಿಕೊಳ್ಳಿ, ಸಣ್ಣ ಕಾಯಿಲೆಗಳಿಗೆ ಮನೆಯ ಹತ್ತಿರದ 'ಅರ್ಜೆಂಟ್ ಕೇರ್' ಕ್ಲಿನಿಕ್ ಎಲ್ಲಿದೆಯೆಂದು ಈಗಲೇ ನೋಡಿಟ್ಟುಕೊಳ್ಳಿ. ಅಮ್ಮನನ್ನು ಖಂಡಿತ ಕರೆಸಿ. ಆದರೆ ಪ್ರವಾಸಿಗರ ವಿಮೆಗಳು ಸಾಮಾನ್ಯವಾಗಿ ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗಳ ಚಿಕಿತ್ಸೆಯನ್ನು ಭರಿಸುವುದಿಲ್ಲ. ಅವರು ಹೊರಡುವ ಮುಂಚೆ ಊರಿನ ಡಾಕ್ಟರಿಗೆ ತೋರಿಸಿ, ಮಾತ್ರೆಗಳನ್ನು ಚೀಟಿಯ ಸಮೇತ ತರಲಿ. ಹಲ್ಲಿನ ಕೆಲಸವೇನಾದರೂ ಬಾಕಿಯಿದ್ದರೆ ಅದನ್ನೂ ಅಲ್ಲಿಯೇ ಮುಗಿಸಿಕೊಂಡು ಬರಲಿ.